ವಯೋಲಾ ಅಕ್ಕೋರು

ಸಿದ್ದಾಪುರದ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿದ ನನ್ನನ್ನು ಹಾಲಿನವನಿಂದ ಹಿಡಿದು ಇಗರ್ಜಿಯ ಪಾದ್ರಿಗಳವರೆಗೆ ಎಲ್ಲರೂ ‘ಅಕ್ಕೋರೆ’ ಎಂದೇ ಕರೆಯುತ್ತಾರೆ. ‘ವಯೋಲಾ’ ಎಂದು ಕರೆಯುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಅವಳು ತೀರಿಕೊಂಡು ಈಸ್ಟರಿಗೆ ಎರಡು ವರ್ಷವಾಯಿತು.

ನಿನ್ನೆ ನನ್ನ ಹಳೆಯ ವಿದ್ಯಾರ್ಥಿನಿ ರಕ್ಷಿತಾ, ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕರೆಯಲು ಬಂದಿದ್ದಳು. ಕೂಸಿಗೆ ಹೂವಿನ ಹೆಸರೇ ಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದವಳು ತಟ್ಟನೆ ತಲೆಯೆತ್ತಿದಳು.

“ಅಕ್ಕೋರೆ, ನಿಮ್ಮ ಹೆಸರೂ ಹೂವಿಂದೇ! ಲ್ಯಾಟಿನ್ ಅಂತೆ. ನೋಡಿ ಇಲ್ಲಿ.”

ಎಲೆಗಳ ಮರೆಯಲ್ಲಿ ನೇರಳೆ ಬಣ್ಣದ ಪುಟ್ಟ ಹೂವು. ಅರವತ್ತಾರು ವರ್ಷ ಹೊತ್ತ ಹೆಸರಿನ ಹೂವನ್ನು ನಾನು ನೋಡಿದ್ದು ಇದೇ ಮೊದಲು. ಅಂಗಳದ ತುಂಬ ಅಬ್ಬಲಿಗೆ, ದಾಸವಾಳ ಇರುವಾಗ ನನಗೆ ಜ್ಞಾನಸ್ನಾನ ಕೊಟ್ಟ ಆ ಪರದೇಶದ ಪಾದ್ರಿ ಯಾರೂ ಕಾಣದ ಹೂವಿನ ಹೆಸರನ್ನೇಕೆ ಇಟ್ಟರೋ ಎಂದು ಸಿಟ್ಟು ಬಂತು.

“ಒಂದ್ಸಲ ಆ ಹೆಸರಿಂದ ನನ್ನ ಕರಿಯೇ,” ಎಂದೆ.

“ವಯೋಲಾ ಅಕ್ಕೋರೆ.”

“ಅಕ್ಕೋರು ಬೇಡ. ಬರೀ ಹೆಸರು.”

ರಕ್ಷಿತಾ ಕೆನ್ನೆ ಬಡಿದುಕೊಂಡಳು. “ಅಯ್ಯೋ, ಕಲಿಸಿದವ್ರನ್ನ ಹಂಗೆಲ್ಲ ಕರಿಯಕ್ಕಾಗ್ತದಾ?”

ಐದನೇ ಕ್ಲಾಸಿನಲ್ಲಿ ಬೆತ್ತ ಹಿಡಿದು ಇವಳಿಗೆ ಆ ಮರ್ಯಾದೆ ಕಲಿಸಿದವಳು ನಾನೇ.

ನನ್ನ ಮುಖ ನೋಡಿ ಏನೆನಿಸಿತೋ, ಹೆಸರಿನ ಪಕ್ಕದಲ್ಲಿದ್ದ ಧ್ವನಿಯ ಗುರುತನ್ನು ಒತ್ತಿದಳು. ಮೊಬೈಲಿನೊಳಗಿಂದ ಯಾರೋ ಗುರುತಿಲ್ಲದ ಹೆಂಗಸು “ವಯೋಲಾ” ಎಂದಳು.

“ಓ,” ಎಂದುಬಿಟ್ಟೆ.