ಕೋರನ ಕಡವು

ಓಣಂ ಶುಭಾಶಯದ ಚಿತ್ರದ ಕೆಳಗೂ ಚೆಲ್ಲಪ್ಪನ್ ಎಂಬಾತ ಅದನ್ನೇ ಬರೆದಿದ್ದ: "ಕೂಹೋಯ್. ಕೋರನ ಕಡವು ಸಿಗ್ತಾ ಇಲ್ಲ." ತಂಗಮಣಿಯ ಬೆರಳು ಫೋನಿನ ಮೇಲೆ ಹಾಗೇ ನಿಂತುಬಿಟ್ಟಿತು.

ಇದು ಆರನೆಯ ಸಲ. ಬೋಟು ಕಚೇರಿಯ ಫೇಸ್‌ಬುಕ್ ಪುಟ ನೋಡಿಕೊಳ್ಳುವ ಕೆಲಸ ಯಾರಿಗೂ ಬೇಡವಾಗಿ, ನಿವೃತ್ತಿಗೆ ಎರಡೇ ವರ್ಷ ಬಾಕಿಯಿದ್ದ ಅವಳ ತಲೆಗೆ ಬಂದಿತ್ತು. ಕಳೆದ ತಿಂಗಳಿಂದ ಹಿಂದಿನ ಸಂಜೆಯೊಳಗೆ ಆನ್‌ಲೈನಿನಲ್ಲಿ ಯಾರಾದರೂ ಬುಕ್ ಮಾಡಿದರಷ್ಟೇ ಸಣ್ಣ ಕಡವುಗಳಲ್ಲಿ, ಎಂದರೆ ದೋಣಿ ಹತ್ತಿಳಿಯುವ ದಡಗಳಲ್ಲಿ, ಬೋಟು ನಿಲ್ಲುತ್ತಿತ್ತು. ಕಡವುಗಳ ಪಟ್ಟಿ ಮಾಡಿದವರು ಸರ್ವೆ ಕಾಗದ ನೋಡಿ, ಹೆಸರು ಬಿಟ್ಟು ಬರೀ ನಂಬರು ಹಾಕಿದ್ದರು.

ಐದು ಸಲವೂ ತಂಗಮಣಿ ಮೇಲಿನವರು ಹೇಳಿಕೊಟ್ಟ ಉತ್ತರವನ್ನೇ ಕೊಟ್ಟಿದ್ದಳು: ಈ ಹೆಸರಿನ ಸ್ಥಳ ನಮ್ಮ ಪಟ್ಟಿಯಲ್ಲಿಲ್ಲ. ಕೋರನ್ ಅವಳ ಅಪ್ಪ. ದೋಣಿಯವನ ಮಗಳೆಂದು ಮೂವತ್ತು ವರ್ಷ ಕಚೇರಿಯಲ್ಲಿ ಅವಳು ಬಾಯಿಬಿಟ್ಟವಳಲ್ಲ.

ಅವಳು ಚಿಕ್ಕವಳಿದ್ದಾಗ ಆಚೆ ದಡದಿಂದ ಯಾರೋ ಕೂಹೋಯ್ ಎನ್ನುತ್ತಿದ್ದರು. ಅಪ್ಪ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದು, ತಾನೂ ಕೂಹೋಯ್ ಎಂದು ದೋಣಿ ನೂಕುತ್ತಿದ್ದ. ಮಂಜಿನಲ್ಲಿ ಅಪ್ಪನೂ ಕಾಣಿಸುತ್ತಿರಲಿಲ್ಲ, ನೀರೂ ಕಾಣಿಸುತ್ತಿರಲಿಲ್ಲ. ಹುಟ್ಟಿನ ಸದ್ದು ಮಾತ್ರ ಹೋಗುತ್ತಿತ್ತು, ಬರುತ್ತಿತ್ತು.

"ಚೇಚೀ, ಈ ಮನುಷ್ಯ ನಮ್ಮನ್ನ ಗೇಲಿ ಮಾಡ್ತಿದಾನೆ. ಬ್ಲಾಕ್ ಮಾಡಿ," ಎಂದರು ಜೋಸ್‌ಕುಟ್ಟಿ ಸಾರ್, ಅವಳಿಗಿಂತ ಎಷ್ಟೋ ಚಿಕ್ಕ ವಯಸ್ಸಿನ ಅಧಿಕಾರಿ.

ಬ್ಲಾಕ್ ಮಾಡುವ ಮೊದಲು ಅವಳು ಅವನಿಗೆ ಖಾಸಗಿಯಾಗಿ, ಏನಾಗಬೇಕಿತ್ತು ಎಂದು ಬರೆದಳು. ಉತ್ತರ ಕೂಡಲೇ ಬಂತು. ಹೆಂಡತಿ ಭಾರ್ಗವಿಗೆ ವಾರಕ್ಕೆ ಮೂರು ಡಯಾಲಿಸಿಸ್. ಇಷ್ಟು ದಿನ ಬೋಟು ನಿಲ್ಲುವ ಪಕ್ಕದ ದೊಡ್ಡ ಕಡವಿಗೆ ಪುಟ್ಟ ದೋಣಿಯಲ್ಲಿ ಒಯ್ಯುತ್ತಿದ್ದ. ಈಗ ಕಾಲು ಊದಿ ಅದರಲ್ಲಿ ಕೂರಲಾರಳು, ನಿನ್ನೆಯದು ತಪ್ಪಿತು. ನಾಳೆಯದೂ ತಪ್ಪಿದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ.

ತಂಗಮಣಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎದ್ದು ಹೋಗಿ ಸಾರ್ ಮುಂದೆ ನಿಂತಳು.

"ಆ ಕಡವು ಇದೆ ಸಾರ್."

"ನಿಮಗೆ ಹೇಗೆ ಗೊತ್ತು?"

"ಅಲ್ಲಿ ದೋಣಿ ನಡೆಸ್ತಿದ್ದ ಕೋರನ್ ನಮ್ಮಪ್ಪ."

ಅವರು ಪಕ್ಕಕ್ಕೊಂದು ಕುರ್ಚಿ ಎಳೆದು ಅವಳನ್ನು ಕೂರಿಸಿ ನಕ್ಷೆ ಬಿಚ್ಚಿದರು. ಅವಳು ಬೆರಳಿಟ್ಟು ತೋರಿಸಿದ್ದು ಮೂವತ್ತೊಂದನೆಯ ನಂಬರು. ಪಟ್ಟಿಗೆ ಹೆಸರು ಸೇರಿಸುವುದಕ್ಕೆಂದು ಅವರು ಕಂಪ್ಯೂಟರಿನವರಿಗೆ ಫೋನು ಹಚ್ಚಿದರೆ, ತಂಗಮಣಿ ಪುಟದಲ್ಲಿ ಬರೆದಳು: ನಿಮ್ಮ ಕಡವನ್ನು ನೀವು ಏನೆಂದು ಕರೆಯುತ್ತೀರಿ? ತಿಳಿಸಿ, ಸೇರಿಸುತ್ತೇವೆ.

ಸಂಜೆಯೊಳಗೆ ಇನ್ನೂರು ಹೆಸರು ಬಂದವು. ಹುಣಿಸೆ ಕಡವು, ನಾಣಿಯಮ್ಮನ ಕಡವು, ಕುಂಟು ಬಾತುಕೋಳಿಯ ಕಡವು. ಎಂದೋ ಸತ್ತವರು, ಬಿದ್ದುಹೋದ ಮರಗಳು ಒಂದೊಂದಾಗಿ ದಡಕ್ಕೆ ಬಂದು ನಿಂತ ಹಾಗೆ ಅವಳಿಗೆ ಅನಿಸಿತು. ಮೂವತ್ತೊಂದರ ಮುಂದೆ ಅಪ್ಪನ ಹೆಸರನ್ನು ತಾನೇ ಟೈಪು ಮಾಡಿದಳು. ಹತ್ತು ನಿಮಿಷದಲ್ಲಿ ಅಲ್ಲಿಂದ ಎರಡು ಸೀಟು ಬುಕ್ಕಾದವು.

ಮಾರನೆಯ ಬೆಳಿಗ್ಗೆ ಮೊದಲ ಬೋಟಿನಲ್ಲಿ ತಂಗಮಣಿಯೂ ಇದ್ದಳು. ಹಿನ್ನೀರಿನ ತುಂಬ ಮಂಜು. ಮೂವತ್ತೊಂದು ಇಲ್ಲೇ ಇರಬೇಕು ಎನ್ನುತ್ತ ಬೋಟಿನವನು ವೇಗ ತಗ್ಗಿಸಿದ. ದಡ ಕಾಣಿಸಲಿಲ್ಲ.

ಬುಕ್ ಮಾಡಿದ್ದರೂ ಚೆಲ್ಲಪ್ಪನ್‌ಗೆ ನಂಬಿಕೆ ಸಾಲಲಿಲ್ಲವೇನೋ. ಮಂಜಿನೊಳಗಿಂದ ಕೂಗಿದ: "ಕೂಹೋಯ್."

ತಂಗಮಣಿ ಎದ್ದು ಕಂಬಿ ಹಿಡಿದಳು. ನೋಡುವವರು ನೋಡಲಿ ಎಂದು ಬಾಯಿಗೆ ಕೈ ಅಡ್ಡವಿಟ್ಟು, ಅಪ್ಪನ ಹಾಗೇ ಎಳೆದು ಕೂಗಿದಳು: "ಕೂಹೋಯ್."

ಆಚೆಯಿಂದ ಭಾರ್ಗವಿಯ ಸೋತ ದನಿ ಕೇಳಿತು: "ನೋಡಿ, ಕೋರಣ್ಣ ಬಂದ್ರು."

ಬೋಟಿನ ಮೂತಿ ಮೆಲ್ಲಗೆ ಕಲ್ಲುಮೆಟ್ಟಿಲಿಗೆ ತಾಗಿತು.