ಹೊಳೆ ದಾಟಿದ ಬುಟ್ಟಿ

ಬುಟ್ಟಿಯ ಹೆಣಿಗೆಯಿಂದ ಬಿಳಿಯದೇನೋ ಹೊರಗೆ ಇಣುಕಿತ್ತು, ನೂಲಿರಬೇಕು, ರೊಟ್ಟಿ ಸುತ್ತಲೆಂದು ಗದ್ವಾಲದ ನೇಕಾರರು ಕೊಟ್ಟ ಬಟ್ಟೆಯ ನೂಲು, ಮಗ್ಗದ ಕೊನೆಯ ತುಂಡೆಂದರೆ ಹಾಗೇ ಬಿಚ್ಚಿಕೊಳ್ಳುತ್ತದೆ ಎಂದು ಚನ್ನವೀರಮ್ಮ ತೀರ್ಮಾನ ಮಾಡಿದಳು, ತೀರ್ಮಾನ ಮಾಡುವುದರಲ್ಲಿ ಅವಳು ಎಂದೂ ತಡಮಾಡಿದವಳಲ್ಲ — ಟೆಂಪೊ ಕೃಷ್ಣೆಯ ಸೇತುವೆ ಹತ್ತಿತು, ಕೆಳಗೆ ಹೊಳೆ ಇನ್ನೂ ಚಹಾದ ಬಣ್ಣ, ಹೋದ ವಾರ ಊರನ್ನೇ ನುಂಗಿ ಇವತ್ತು ಏನೂ ಅರಿಯದ ಸಂಭಾವಿತೆಯ ಹಾಗೆ ಜೂರಾಲ ಅಣೆಕಟ್ಟಿನ ಕಡೆ ಹೊರಟಿದೆ. ಹಿಂದೆ ಮೂವತ್ತೊಂಬತ್ತು ಖಾಲಿ ಬುಟ್ಟಿಗಳು ಒಂದರೊಳಗೊಂದು ಕೂತು ಕಿರುಗುಟ್ಟುತ್ತಿವೆ, ನಲವತ್ತನೆಯದು ಇವಳ ತೊಡೆಯ ಮೇಲೆ, ಬಾಯಿಗೆ ಬಟ್ಟೆ ಬಿಗಿದಿದೆ, ಬಿಗಿದವಳು ಅತ್ತಿಗೆ, ಬಿಚ್ಚುವುದು ಬೇಡ, ಕಾಂತೇಶನ ಎದುರು ಬೇಡ. ಕಾಂತೇಶ ಸಂಘದ ಅಧ್ಯಕ್ಷ, ಆಚೆ ದಂಡೆಯಿಂದ ಬಂದು ಈಚೆಯ ತೆಲುಗು ಸೀಮೆಯ ಮಕ್ತಲ್, ನಾರಾಯಣಪೇಟೆಯಲ್ಲಿ ಬೇರು ಬಿಟ್ಟವರ ಸಂಘ, ಹಿರಿಯರ ಊರು ಮುಳುಗಿತೆಂದು ಸುದ್ದಿ ಬಂದ ದಿನವೇ ಫ್ಲೆಕ್ಸ್ ಮಾಡಿಸಿದ, ಅದರಲ್ಲಿ ಊರಿನ ಹೆಸರಿಗಿಂತ ಅವನ ಮೀಸೆ ದೊಡ್ಡದು. ಮುತ್ಯಾಗೋಳು ಹರಿಗೋಲಿನಾಗ ಒಂದು ಹೊಳಿ ದಾಟ್ಯಾರ, ಅಷ್ಟಕ್ಕ ಎನ್ನಾರೈ ಆದಂಗ ಮಾಡ್ತೀರಲ್ಲ, ಎಂದು ಗಂಡ ವೀರಯ್ಯ ಅಂಗಡಿ ಗಲ್ಲೆಯ ಮೇಲೆ ಕೂತು ನಕ್ಕಿದ್ದರು, ನಗಲಿ, ಅವರದು ಮುತ್ಯಾನ ಊರು, ಇವಳಿಗೆ ಅದು ತವರು, ಇವಳು ಹರಿಗೋಲಿನಲ್ಲಿ ಬಂದವಳಲ್ಲ, ರಾಯಚೂರು ಬಸ್ಸಿನಲ್ಲಿ ಮದುವೆಯಾಗಿ ಬಂದವಳು. ಕಾಂತೇಶ ಸಭೆಯಲ್ಲಿ ಬಿಸ್ಕೀಟು ಎಂದ. ಬಿಸ್ಕೀಟ್ ಯಾಕ್ರಿ, ಅವರೇನ್ ಕೂಸುಗಳಾ? ಒಲಿ ಮುಳುಗಿದ ಮನಿಗೆ ಖಡಕ್ ರೊಟ್ಟಿ ಕೊಡ್ರಿ, ತಿಂಗಳಿಟ್ರೂ ಕೆಡಂಗಿಲ್ಲ, ಮನಿಗೊಂದು ಬುಟ್ಟಿ ಅಂತ ಎತ್ತೋಣು, ಎಂದಳು ಇವಳು. ಅಷ್ಟೇ, ಬಿಸ್ಕೀಟು ಮುಗಿಯಿತು. ನಾಕು ದಿನ ಮಕ್ತಲದ ಓಣಿಯೆಲ್ಲ ಟಪಟಪ ಸದ್ದು, ಪಕ್ಕದ ಮನೆಯ ಹನುಮಮ್ಮ ಅನ್ನದ ಮಂದಿ, ಆದರೂ ನೇನೂ ಚೇಸ್ತಾ ಅಕ್ಕಾ ಎಂದು ತಾನೂ ಕೂತು ತಟ್ಟಿದಳು, ಒಂದೊಂದು ರೊಟ್ಟಿಯೂ ಒಂದೊಂದು ಜಿಲ್ಲೆಯ ನಕಾಶೆ, ತಿನ್ನಲಿಕ್ಕೆ ನಕಾಶೆ ಅಡ್ಡಿಯಿಲ್ಲ. ಚನ್ನವೀರಮ್ಮ ತನ್ನ ಬುಟ್ಟಿಯೊಂದನ್ನು ಮಾತ್ರ ಬೇರೆ ಇಟ್ಟಿದ್ದಳು, ಬಟ್ಟೆಯೂ ಹೊಸದು — ನೂಲು, ಹೌದು, ನೂಲೇ, ಆದರೆ ಈಗ ಎರಡು ಇಣುಕುತ್ತಿವೆಯಲ್ಲ.

ಬರೀ ಬುಟ್ಟಿ ತಿರುಗಿ ಕೊಡಬಾರದು, ಇದು ಹೊಳೆಯ ಎರಡೂ ದಂಡೆಗೆ ಗೊತ್ತು, ತುಂಬಿಸಿ ಕಳಿಸಿದವರಿಗೆ ಒಂದು ಹಳಕು ಬೆಲ್ಲವಾದರೂ ಹಾಕಿ ಕಳಿಸಬೇಕು, ಏನೂ ಇಲ್ಲದಿದ್ದರೆ ಹಿಡಿ ಕಾಳು, ಬರೀ ಬುಟ್ಟಿ ಬಂತೆಂದರೆ ಸಂಬಂಧ ತೀರಿತು ಎಂದೇ ಲೆಕ್ಕ. ಗೊತ್ತಿದ್ದೇ ಮಾಡಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಅಣ್ಣನ ಮಗಳು ಕಾವ್ಯಳ ಮದುವೆ, ಊರಿಗೆಲ್ಲ ಮನೆಮನೆಗೆ ಹೋಗಿ ಕರೆದವರು ಇವಳಿಗೆ ಮಾತ್ರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಾರ್ಡು ಕಳಿಸಿದರು, ಸೋದರತ್ತೆಗೆ, ಕಂಡಕ್ಟರನ ಕೈಯಲ್ಲಿ! ಹೋಗಲಿಲ್ಲ. ಮುಂದೆ ಪಂಚಮಿಗೆ ಅತ್ತಿಗೆ ಗಂಗಾಂಬಿಕಾ ಬುಟ್ಟಿ ತುಂಬ ಉಂಡಿ ಕಳಿಸಿದಳು, ಎಳ್ಳುಂಡಿ, ಶೇಂಗಾ ಉಂಡಿ, ಅದೇ ಅವಳ ತಪ್ಪೊಪ್ಪಿಗೆ ಎಂದು ಆಗಲೂ ತಿಳಿದಿತ್ತು, ತಿಳಿದೂ ಉಂಡಿಯೆಲ್ಲ ಅಂಗಡಿಯ ಹಮಾಲರಿಗೆ ಹಂಚಿ, ಬುಟ್ಟಿ ಕೊಡವಿ, ಅದೇ ಕಂಡಕ್ಟರನ ಕೈಗೆ ಕೊಟ್ಟಳು, ಒಂದು ಎಲೆ ಅಡಿಕೆ ಸಹ ಇಡಲಿಲ್ಲ, ಬುಟ್ಟಿ ಹೊಳೆ ದಾಟಿತು, ಆಮೇಲೆ ಆ ಮನೆಯಿಂದ ಏನೂ ದಾಟಲಿಲ್ಲ. ಅಣ್ಣ ತೀರಿದ ಸುದ್ದಿ ಬೇರೆಯವರ ಬಾಯಿಂದ ಬಂತು, ಹೋಗಿ ಅಂಗಳದಲ್ಲಿ ನಿಂತು ಬಂದಳು, ಒಳಗೆ ಬಾ ಎಂದವರಿಲ್ಲ.

ಇವತ್ತು ಶಾಲೆಯ ಪಡಸಾಲೆಯಲ್ಲಿ ಊರ ಮಂದಿ ಸಾಲು ನಿಂತಿದ್ದರು, ಅಂಗಳದ ತುಂಬ ತೊಯ್ದ ಜೋಳದ ಚೀಲ, ಹುಳಿ ನಾತ, ಕಾಂತೇಶ ಎಲ್ಲರ ಬುಟ್ಟಿ ಒಂದೇ ಜಮಖಾನೆಯ ಮೇಲೆ ಬೋರಲು ಹಾಕಿಸಿ ಫೋಟೊ ಹಿಡಿಸಿದ, ಇವಳು ತನ್ನದನ್ನು ಬಿಟ್ಟುಕೊಡಲಿಲ್ಲ, ಸೀದಾ ಹೋಗಿ ಕಂಬಕ್ಕೊರಗಿದ ಅತ್ತಿಗೆಯ ಮುಂದೆ ನಿಂತಳು, ತಗೋತಾಳ, ತಗೊಳ್ದೆ ಎಲ್ಲಿ ಹೋಗ್ತಾಳ ಎಂದುಕೊಂಡೇ. ಅತ್ತಿಗಿ, ರೊಟ್ಟಿ ತಂದೀನಿ. ಗಂಗಾಂಬಿಕಾ ಬಟ್ಟೆ ಸರಿಸಿ ಒಂದನ್ನು ಮುರಿದು ಬೆಳಕಿಗೆ ಹಿಡಿದಳು. ದಪ್ಪ ಆಗ್ಯಾವ. ಹಂಗ ಅದಾವ್ರಿ. ಇನ್ನೂ ತಟ್ಟಾಕ ಬರಂಗಿಲ್ಲ ನಿನಗ, ಚನ್ನವ್ವ. ಬರಂಗಿಲ್ಲರಿ. ಅಷ್ಟೇ, ಅತ್ತಿಗೆ ಬುಟ್ಟಿ ಎತ್ತಿಕೊಂಡು ಕೆಸರು ದಾಟಿ ತನ್ನ ಮನೆಯ ಒಳಗೆ ಹೋದಳು, ಬಹಳ ಹೊತ್ತಿಗೆ ಬಂದಳು, ಬಟ್ಟೆ ಬಿಗಿದ ಬುಟ್ಟಿಯನ್ನು ಟೆಂಪೊದಲ್ಲಿ ಕೂತಿದ್ದ ಇವಳ ತೊಡೆಯ ಮೇಲಿಟ್ಟು, ತಗೋ ನಿನ್ನ ಬುಟ್ಟಿ, ಮುಖ ತಿರುಗಿಸಿದಳು. ಬರೀ ಬುಟ್ಟಿ ಇರಬೇಕು, ಹಗುರ ಇದೆ, ಬಟ್ಟೆ ಬಿಗಿದದ್ದು ಊರ ಮುಂದೆ ಮಾನ ಉಳಿಸಲಿಕ್ಕೆ, ನ್ಯಾಯವೇ, ಉಂಡಿಗೆ ಉಂಡಿ, ಬರಿಗೆ ಬರಿ, ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆ, ಮತ್ತು ಆ ಮನೆಯಲ್ಲಿ ಹಾಕಲಿಕ್ಕೆ ಉಳಿದದ್ದಾದರೂ ಏನು, ಬೆಲ್ಲ ಕರಗಿದೆ, ಎಣ್ಣೆ ತೇಲಿದೆ, ಎಂಟು ಚೀಲ ಜೋಳ ಐದು ದಿನ ನೀರಲ್ಲಿ — ಅಮ್ಮಾ, ಚಾಯ್ ತಾಗ್ತಾರಾ, ಎಂದು ಚಾಲಕ ನರಸಿಂಹುಲು, ಬ್ಯಾಡಪ್ಪ, ನಡಿ, ಎಂಟು ಚೀಲ ಜೋಳ ನೀರಲ್ಲಿ, ಸೇತುವೆ ಮುಗಿಯಿತು, ಟೆಂಪೊ ಕುಲುಕಿತು, ಬುಟ್ಟಿಯೊಳಗೆ ಏನೋ ಸರಿಯಿತು, ನೂಲು ಈಗ ಮೂರು, ನೂಲಿಗೆ ತುದಿಯಲ್ಲಿ ಹಸಿರು ಇರುವುದಿಲ್ಲ, ಯಾವ ಗದ್ವಾಲದ ಮಗ್ಗದಲ್ಲೂ ಇರುವುದಿಲ್ಲ, ಚನ್ನವೀರಮ್ಮ ಗಂಟಿಗೆ ಕೈ ಹಾಕಿ ಬಿಚ್ಚದೆ ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟಳು, ಮುರಿಯಬಾರದು, ಹಿಡಿ ಕಾಳು, ಏನೂ ಇಲ್ಲದಿದ್ದರೆ ಹಿಡಿ ಕಾಳು, ಕಾಂತೇಶ ಹಿಂದೆ ತಿರುಗಿ ಏನೋ ಕೇಳುತ್ತಿದ್ದಾನೆ, ಅಂಗೈಗೆ ತಣ್ಣಗೆ, ಒದ್ದೆಯಾಗಿ, ಜೋಳದ ಬಿಳೀ ಮೊಳಕೆ.