ಕರೆಮ್ಮನ ಟಾಕಿಯ ಕಪ್ಪೆಮರಿಗಳು

ಕರೆಮ್ಮನಿಗೆ ಕಪ್ಪೆಯೆಂದರೆ ಹೊಟ್ಟೆ ತೊಳಸುತ್ತಿತ್ತು. ಹಾವು ಕಂಡರೆ ಕೈಮುಗಿಯಬಹುದು, ಚೇಳು ಕಂಡರೆ ಚಪ್ಪಲಿಯಿಂದ ಬಡಿಯಬಹುದು. ಈ ನೆಲಗಪ್ಪೆಯನ್ನು ಏನು ಮಾಡುವುದು? ಮುಟ್ಟುವ ಹಾಗಿಲ್ಲ, ತುಳಿದರೆ ತನ್ನ ಕಾಲೇ ಹೇಸಿಗೆ. ಮೈತುಂಬ ಗುಳ್ಳೆ, ಗಂಟಲಲ್ಲಿ ಸದಾ ಒಂದು ಮಿಡಿತ, ಹಿಡಿದರೆ ಉಚ್ಚೆ ಹೊಯ್ಯುವ ಕೆಟ್ಟ ಗುಣ ಬೇರೆ. ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಹೆಂಗಸು ಆಕೆ. ಅಡುಗೆಮನೆಯಲ್ಲಿ ಒಂದು ನೊಣ ಕೂತರೂ ಅದರ ವಂಶವನ್ನೆಲ್ಲ ಬೈದು ಓಡಿಸುತ್ತಿದ್ದಳು. ಅಂಥವಳ ಹಿತ್ತಲಲ್ಲೇ, ಅವಳ ಸೊಸೆಯ ಕೈಯಿಂದಲೇ, ಕಪ್ಪೆಗಳ ಸಾಕಣೆ ಶುರುವಾಯಿತು.

ಸೊಸೆ ಶೈಲಶ್ರೀ ದೇವದುರ್ಗದ ಕಡೆಯ ಅರಕೇರಾದವಳು. ಕುರಿ ಸಾಕಿದ ಮನೆತನ. ಪ್ರಾಣಿಯೆಂದರೆ ಅಂಜಿಕೆಯಿಲ್ಲ, ಹೇಸಿಗೆಯಂತೂ ಮೊದಲೇ ಇಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ, ಚರಂಡಿಗೆಂದು ಓಣಿಯಲ್ಲಿ ಅಗೆದಿದ್ದ ಗುಂಡಿಯೊಳಗೆ ಕರಿಮಣಿ ಸರದಂಥದೇನೋ ತೇಲುತ್ತಿದ್ದುದನ್ನು ಕಂಡಳು. ನೆಲಗಪ್ಪೆಯ ತತ್ತಿ. ನಾಳೆ ಬಿಸಿಲು ಬಿದ್ದರೆ ಗುಂಡಿ ಒಣಗಿಹೋಗುತ್ತದೆ, ಪಾಪ, ಎಂದು ಬೊಗಸೆಯಲ್ಲಿ ಎತ್ತಿ ತಂದು ಹಿತ್ತಲಿನ ಹಳೆಯ ಸಿಮೆಂಟಿನ ನೀರಿನ ಟಾಕಿಗೆ ಬಿಟ್ಟಳು. ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಟ್ಯಾಂಕು ಬಂದ ಮೇಲೆ ಈ ಟಾಕಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ.

"ಜಿರಳಿ ತಿಂತಾವ್ರಿ ಅತ್ತಿ, ಸೊಳ್ಳಿ ತಿಂತಾವ. ನಮ್ಮ ಖಾನಾವಳಿಗೆ ಛಲೋನ ಆತು," ಎಂದಳು ಶೈಲಶ್ರೀ.

"ಅವು ಏನರ ತಿನ್ಲಿ. ಕಪ್ಪಿ ಸಾಕಿದ ಮನ್ಯಾಗ ಮಂದಿ ಉಣ್ಣಾಕ ಬರ್ತಾರೇನು, ಅದನ್ನ ಹೇಳು ಮೊದಲ!"

ತತ್ತಿ ಒಡೆದು ಮರಿಗಳಾದವು. ಬಾಲ ಬಂದ ಗುರೆಳ್ಳು ಕಾಳು, ಅಷ್ಟೇ. ಆದರೆ ಆ ಗುರೆಳ್ಳು ನೀರಲ್ಲಿ ಮಿಜಿಗುಡುತ್ತಿತ್ತು, ಗುಂಪುಗುಂಪಾಗಿ ಗೋಡೆಗೆ ಬಾಯಿ ಹಚ್ಚಿ ಪಾಚಿ ನೆಕ್ಕುತ್ತಿತ್ತು. ಅದನ್ನು ನೋಡಿದ ದಿನದಿಂದ ಕರೆಮ್ಮ ರೊಟ್ಟಿಯ ಜೊತೆ ಗುರೆಳ್ಳು ಹಿಂಡಿಯ ಚಟ್ನಿಪುಡಿ ಹಚ್ಚಿಕೊಳ್ಳುವುದನ್ನೇ ಬಿಟ್ಟಳು. ಗಿರಾಕಿಗಳಿಗೆ ಬಡಿಸುವಾಗಲೂ ಮುಖ ಆಚೆ ತಿರುಗಿಸುತ್ತಿದ್ದಳು.

ಅವಳಿಗೆ ಆ ಜಾಗವೂ ಬೇಕಾಗಿತ್ತು. ಟಾಕಿಯ ಮೇಲೊಂದು ಚಪ್ಪಡಿ ಬಂಡೆ ಹಾಸಿದರೆ ಹಿತ್ತಲಲ್ಲೂ ನಾಲ್ಕು ಮಂದಿ ಉಣ್ಣಲು ಕೂರಬಹುದು ಎಂದು ಅವಳ ಯೋಚನೆ. ಶೈಲಶ್ರೀ ಗಿರಣಿಗೆ ಹೋದ ಹೊತ್ತು ನೋಡಿ, ಮೂಗಿಗೆ ಸೆರಗು ಕಟ್ಟಿಕೊಂಡು, ಡಬ್ಬಿಯಲ್ಲಿ ಮೊಗೆದು ಮೊಗೆದು ಅಷ್ಟೂ ಮರಿಗಳನ್ನು ಸುಣ್ಣಬಣ್ಣದ ಖಾಲಿ ಬಕೀಟಿಗೆ ಸುರಿದು ಬಚ್ಚಲ ಹಿಂದೆ ಇಟ್ಟಳು. ಸಂಜೆಯೊಳಗೆ ಬಂಡೆಯೂ ಬಂದು ಕೂತಿತು.

"ಇಕ್ಕಟ್ಟಿನ್ಯಾಗ ಅವು ಬದುಕಂಗಿಲ್ರಿ ಅತ್ತಿ. ಜಾಗ ಬೇಕು ಅವಕ್ಕ."

"ಮನಶೇರಿಗೇ ಜಾಗ ಇಲ್ಲ ಇಲ್ಲಿ. ಕಪ್ಪಿಗೆ ಮಾಳಿಗಿ ಕಟ್ಟಸ್ಲೇನು?"

ಜಾಗವಿಲ್ಲದ್ದು ನಿಜವೇ. ಮನೆಯಲ್ಲಿ ಇದ್ದದ್ದು ಉಣ್ಣುವ ಪಡಸಾಲೆ, ಅಡುಗೆಮನೆ, ಕರೆಮ್ಮ ಮಲಗುವ ಒಳಕೋಣೆ. ಮಗ ಬೀರೇಶ ಮತ್ತು ಶೈಲಶ್ರೀ ಕೊನೆಯ ಗಿರಾಕಿ ಕೈತೊಳೆದು ಹೋದ ಮೇಲೆ ಮೇಜುಗಳನ್ನು ಸರಿಸಿ ಪಡಸಾಲೆಯಲ್ಲೇ ಹಾಸಿಕೊಳ್ಳುತ್ತಿದ್ದರು.

ಬಕೀಟಿನಲ್ಲಿ ಆದದ್ದನ್ನು ನೆನೆದರೆ ಕರೆಮ್ಮನಿಗೆ ಈಗಲೂ ವಾಕರಿಕೆ ಬರುತ್ತದೆ. ಕೆಲವೇ ದಿನಕ್ಕೆ ನೀರು ಕೊಳೆತು ನಾರಿತು. ದೊಡ್ಡ ಮರಿಗಳು ಸಣ್ಣವನ್ನು ತಿನ್ನತೊಡಗಿದ್ದವು. ಬಾಲ ಹರಿದುಹೋದ ಒಂದು ಮರಿ ಇನ್ನೂ ಒದ್ದಾಡುತ್ತಿರುವಾಗಲೇ ಮೂರ್ನಾಲ್ಕು ಅದರ ಹೊಟ್ಟೆಗೆ ಬಾಯಿ ಹಾಕಿದ್ದವು. "ಥೂ, ರಾಕ್ಷಸ ಸಂತಾನ!" ಎಂದು ಕರೆಮ್ಮ ಉಗಿದಳು. ಶೈಲಶ್ರೀ ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಮರುದಿನ "ಅವ್ವನ್ನ ನೋಡಿ ಬರ್ತೀನ್ರಿ" ಎಂದು ಅರಕೇರಾಕ್ಕೆ ಹೋದವಳು ತಿರುಗಿ ಬರಲೇ ಇಲ್ಲ.

ಬೀರೇಶ ದಿನಾಲು ಮಾನ್ವಿಗೆ ಟೆಂಪೊ ಹೊಡೆಯುತ್ತಿದ್ದ. ಒಂದು ದಿನ ಉಣ್ಣುತ್ತ ಕೂತವನು ತಾಟಿನಿಂದ ತಲೆಯೆತ್ತದೆ ಹೇಳಿದ. "ಯವ್ವಾ, ಮಾನ್ವ್ಯಾಗ ಒಂದು ಖೋಲಿ ನೋಡು ಅನ್ನಾಕತ್ಯಾಳ ಆಕಿ."

"ಹೋಗ್ರಿ. ಇಬ್ರೂ ಹೋಗ್ರಿ. ನಾ ಏನು ಕೈ ಹಿಡದೀನೇನು?"

ಬಾಯಿ ಹಾಗೆಂದಿತು, ಅಷ್ಟೇ. ಕರೆಮ್ಮನ ಮುಂಗೈ ನೋವಿನಿಂದ ಈಗ ಮೊದಲಿನ ಹಾಗೆ ರೊಟ್ಟಿ ತಟ್ಟುತ್ತಿರಲಿಲ್ಲ. ಗಿರಾಕಿಗಳು ರೊಟ್ಟಿ ದಪ್ಪವಾಯಿತೆಂದು ಗೊಣಗುತ್ತಿದ್ದರು. ರೊಟ್ಟಿಯ ಮಾತು ಹಾಗಿರಲಿ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಅತ್ತೆ-ಸೊಸೆ ಒಲೆಯ ಮುಂದೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಶೈಲಶ್ರೀ ಅರಕೇರಾದ ಯಾವುದೋ ತುಡುಗು ಟಗರಿನ ಕಥೆ ಹೇಳಿ ನಗಿಸುತ್ತಿದ್ದಳು. ಈಗ ಊರಿಗೆಲ್ಲ ಬಡಿಸಿ ತಾನೊಬ್ಬಳೇ ಗೋಡೆ ನೋಡುತ್ತ ಉಣ್ಣಬೇಕಾಗಿತ್ತು. ಆ ಹುಡುಗಿ ಬೇಕಾಗಿದ್ದಳು ಕರೆಮ್ಮನಿಗೆ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

"ಫೋನ್ ಮಾಡಿದಾಗೆಲ್ಲ ಒಂದ ಕೇಳ್ತಾಳ," ಎಂದ ಬೀರೇಶ. "ಉಳದ ಮರಿ ಅದಾವೋ, ಅವೂ ಸತ್ತುವೋ ಅಂತ. ಅವನ್ನ ಜ್ವಾಪಾನ ಮಾಡು ಯವ್ವಾ. ಮರಿ ಜೀವಂತ ಇದ್ರ ಆಕಿ ಬಂದ ಬರ್ತಾಳ."

ಬಂಡೆ ಸರಿಯಿತು. ಉಳಿದ ಒಂದು ಹಿಡಿ ಮರಿಗಳು ಮತ್ತೆ ಟಾಕಿ ಸೇರಿದವು. ಬಿಸಿಲಲ್ಲಿ ಒಂದು ದಿನ ಇಟ್ಟ ನೀರು ಹಾಕಬೇಕು, ನಳದ ನೀರು ಹಾಗೇ ಸುರಿಯಬಾರದು. ಪಾಲಕ್ ಮೆತ್ತಗೆ ಕುದಿಸಿ ಚಿಟಿಕೆಯಷ್ಟೇ ಹಾಕಬೇಕು. ತಿಂದು ಬಿಟ್ಟದ್ದನ್ನು ಎತ್ತಿ ಚೆಲ್ಲಬೇಕು. ಕಾಲು ಬಂದಾಗ ಹತ್ತಿ ಕೂರಲು ಒಂದು ಕಡೆ ಕಲ್ಲು ಇಡಬೇಕು. ಬೀರೇಶ ಹೆಂಡತಿಯ ಬಾಯಿಂದ ಕೇಳಿ ಬಂದು ಹೇಳಿದ, ಕರೆಮ್ಮ ಹಲ್ಲು ಕಚ್ಚಿ ಮಾಡಿದಳು. ಎಂಜಲು ಸೊಪ್ಪು ಎತ್ತುವಾಗ ಬೆರಳಿಗೆ ಲೋಳೆ ಹತ್ತುತ್ತಿತ್ತು. ಸೀಗೆಪುಡಿ, ಸೋಪು, ಬೂದಿ ಹಚ್ಚಿ ತಿಕ್ಕಿದರೂ ಕೈ ತನ್ನದಲ್ಲವೆನಿಸುತ್ತಿತ್ತು.

ಸೊಪ್ಪು ಮಾರುವ ಬಿಸ್ಮಿಲ್ಲಾ ಬೀಗೆ ಅನುಮಾನ. "ಏನ್ ಕರೆಮ್ಮಾ, ನಿನ್ ಖಾನಾವಳ್ಯಾಗ ಪಾಲಕ್ ಯಾರ್ ತಿಂತಾರ? ದಿನಾ ಒಂದು ಸಿವುಡು ಒಯ್ಯಾಕತ್ತೀಯಲ್ಲ."

"ನನಗ ಹೊಟ್ಟಿ ಆರಾಮಿಲ್ಲ, ಅದಕ್ಕ," ಎಂದು ಕರೆಮ್ಮ ಸುಳ್ಳು ಹೇಳಿದಳು. ಹೇಳುವಾಗ ಹೊಟ್ಟೆ ನಿಜವಾಗಿಯೂ ತೊಳಸುತ್ತಿತ್ತು.

ಮರಿಗಳ ಹಿಂದೆ ಎರಡು ಕಡ್ಡಿ ಮೂಡಿ ಕಾಲಾದವು. ಮೀನೂ ಅಲ್ಲ, ಕಪ್ಪೆಯೂ ಅಲ್ಲ, ನೋಡಲಾಗದ ರೂಪ. ಆದರೂ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗೊಮ್ಮೆ ಕರೆಮ್ಮ ಅರ್ಧ ಕಣ್ಣು ಮುಚ್ಚಿಕೊಂಡು ಟಾಕಿಯೊಳಗೆ ಬಗ್ಗುತ್ತಿದ್ದಳು, ಎಲ್ಲ ಅಲ್ಲಾಡುತ್ತಿವೆಯೇ ಎಂದು ನೋಡಿ ಉಸಿರು ಬಿಡುತ್ತಿದ್ದಳು. ಹೇಸಿಗೆ ಹೋಗಿರಲಿಲ್ಲ. ಹೇಸುತ್ತಲೇ ಕಾಯುತ್ತಿದ್ದಳು.

ಸೋಮವಾರ ಬರುತ್ತೇನೆಂದು ಶೈಲಶ್ರೀಯ ಫೋನು ಬಂತು. ಕರೆಮ್ಮನಿಗೆ ಹಿಗ್ಗು ತಡೆಯಲಾಗಲಿಲ್ಲ. ಆ ಹಿಗ್ಗೇ ಕೆಡಿಸಿತು. ಶನಿವಾರ ಖಾನಾವಳಿಯಲ್ಲಿ ಹುಳಿಸೊಪ್ಪಿನ ಪುಂಡಿಪಲ್ಲೆ ಮಾಡುವ ದಿನ. ಉಪ್ಪು-ಖಾರ ಬೀಳುವ ಮೊದಲು ಕುದಿಯುವ ಗಡಿಗೆಯನ್ನು ನೋಡಿ ಅವಳಿಗೆ ಅನ್ನಿಸಿತು: ಪಾಲಕ್ ಎಂದರೆ ಬೇನೆ ಬಿದ್ದವರು ತಿನ್ನುವ ಸೊಪ್ಪು. ಪುಂಡಿಪಲ್ಲೆ ಇರುವ ಮನೆಯಲ್ಲಿ ಇವಕ್ಕೆ ಈ ಸಪ್ಪೆ ಊಟ ಯಾಕೆ? ಸೊಸೆ ಬರುವ ಹೊತ್ತಿಗೆ ತುಸು ಮೈ ಹಿಡಿಯಲಿ. ಒಂದು ಸೌಟು ತುಂಬ ಎತ್ತಿ, ಆರಿಸಿ, ಟಾಕಿಗೆ ಹಾಕಿದಳು. ಕಡಿಮೆಯಾಯಿತೇನೋ ಎಂದು ಇನ್ನೊಂದು ಸೌಟು ಹಾಕಿದಳು. ಆ ಸೊಪ್ಪಿನ ಹುಳಿ ನೀರಿಗೆ ಬಿಡುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಳಿ ಹೊಟ್ಟೆಗಳು, ಚಾಚಿದ ಸಣ್ಣ ಕಾಲುಗಳು, ನಡುವೆ ಕೆಂಪಗೆ ಕೊಳೆತ ಸೊಪ್ಪು. ವಾಸನೆಗೆ ಕರೆಮ್ಮ ಬಚ್ಚಲಿಗೆ ಓಡಿ ಕಾರಿಕೊಂಡಳು. ಬಾಯಿ ತೊಳೆದು ಬಂದು ಟಾಕಿಯ ಅಂಚು ಹಿಡಿದು ಅತ್ತಳು. ಕಪ್ಪೆಗಾಗಿ ಅಳುತ್ತಿದ್ದೇನಲ್ಲ ಎಂದು ತನ್ನ ಮೇಲೇ ಹೇಸಿ ಇನ್ನಷ್ಟು ಅತ್ತಳು. ನಾಳೆ ಆ ಹುಡುಗಿ ಬಂದು ಖಾಲಿ ಟಾಕಿ ನೋಡಿದರೆ, ಬೇಕೆಂದೇ ಕೊಂದಳು ಅನ್ನದೆ ಇನ್ನೇನೆಂದಾಳು?

ಕರೆಮ್ಮನ ತವರು ಮಾನ್ವಿಯ ಆಚೆ, ತುಂಗಭದ್ರೆಯ ದಂಡೆಯ ಚೀಕಲಪರ್ವಿ. ಹೊಳೆಯ ಬದಿಯ ಮಡುಗಳಲ್ಲಿ ಮಳೆಗಾಲದಲ್ಲಿ ಏನೇನು ಮಿಜಿಗುಡುತ್ತದೆಂದು ಚಿಕ್ಕಂದಿನಿಂದ ಬಲ್ಲಳು. ಟಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟಿದ್ದ ನೀರು ತುಂಬಿಸಿ, ಖಾನಾವಳಿಗೆ ಬೀಗ ಹಾಕಿ, ಹಾಲಿನ ಕ್ಯಾನು ಹಿಡಿದು ಬಸ್ಸು ಹತ್ತಿದಳು. ಮಧ್ಯಾಹ್ನದ ಬಿಸಿಲಲ್ಲಿ ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ಕೆಸರಿನಲ್ಲಿ ಇಳಿದಳು. ಚಹಾ ಸೋಸುವ ಜರಡಿ ತಂದಿದ್ದಳು. ಎರಡನೆಯ ಸಲಕ್ಕೇ ಅದರ ಹಿಡಿ ಮುರಿಯಿತು. ಇನ್ನು ಉಳಿದದ್ದು ಕೈ. ಕಣ್ಣು ಮುಚ್ಚಿ ಬೊಗಸೆ ಮುಳುಗಿಸಿದಳು. ಬೆರಳ ಸಂದಿಯಲ್ಲಿ ತಣ್ಣಗೆ, ಮೆತ್ತಗೆ, ಜಾರುತ್ತ, ಕಚಗುಳಿ ಇಡುತ್ತ ಬಂದವು ಆ ಹೊಲಸು ಜೀವಗಳು. "ಯಪ್ಪಾ, ಯವ್ವಾ, ಥೂ ಥೂ" ಎನ್ನುತ್ತಲೇ ಹಿಡಿದಳು. ಇಕ್ಕಟ್ಟಾಗದ ಹಾಗೆ ಕ್ಯಾನಿಗೆ ಸ್ವಲ್ಪವೇ ಬಿಟ್ಟಳು. ಅಷ್ಟು ಬುದ್ಧಿ ಬಂದಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಗಾಳಿಯಾಡಲೆಂದು ಕ್ಯಾನಿನ ಮುಚ್ಚಳ ಓರೆ ಮಾಡಿದ್ದಳು. ಪಕ್ಕದ ಬಿಳಿ ಅಂಗಿಯವನು ಹಾಲೆಂದುಕೊಂಡು ಬಗ್ಗಿ ನೋಡಿದ.

"ಏನಬೇ ಇದು? ಥೂ, ಹೊಲಸು!"

"ಹೊಲಸು ಅಂತ ನನಗ್ಗೊತ್ತಿಲ್ಲೇನು? ಆಚಿ ಸರಕೊಂಡು ಕುಂದ್ರು!" ಎಂದು ಕರೆಮ್ಮ ಗದರಿದಳು.

ಸೋಮವಾರ ಮಧ್ಯಾಹ್ನ ಶೈಲಶ್ರೀ ಬಂದಳು. ಚೀಲವನ್ನು ಕೆಳಗಿಡದೆ ನೇರ ಹಿತ್ತಲಿಗೆ ಹೋಗಿ ಟಾಕಿಯೊಳಗೆ ಬಗ್ಗಿದಳು. ಕರೆಮ್ಮ ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ.

"ಇವು ಅವಲ್ಲ," ಎಂದಳು ಶೈಲಶ್ರೀ. "ಅವು ಕರ್ರಗ ಇದ್ದುವು. ಇವು ಚುಕ್ಕಿಯವು, ಬ್ಯಾರೆ ಜಾತಿ ಕಪ್ಪಿ."

ಅರ್ಧ ಕಣ್ಣು ಮುಚ್ಚಿ ನೋಡಿದವಳಿಗೆ ಬಣ್ಣ ಎಲ್ಲಿ ತಿಳಿದೀತು! ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಕರೆಮ್ಮ ಎಲ್ಲ ಹೇಳಿದಳು, ಪುಂಡಿಪಲ್ಲೆ, ಹುಳಿ, ಬಿಳಿ ಹೊಟ್ಟೆ, ಚೀಕಲಪರ್ವಿ. ಹೇಳುತ್ತ ಹೇಳುತ್ತ ದನಿ ಕುಗ್ಗಿತು. "ಬೇಕಂತ ಮಾಡಿಲ್ಲ ನಾ. ನಿನ್ನಾಣಿ. ಕೈ ಹಾಕಿ ಹಿಡದೀನಿ ನೋಡು, ಈ ಕೈಲೆ. ನಿನ್ನಿಯಿಂದ ಈ ಕೈಲೆ ಉಂಡಿಲ್ಲ ನಾ. ಇವಕ್ಕರ ಜಾಗ ಸಾಕಾಗ್ತದೇನು? ಇಲ್ಲಂದ್ರ ಇನ್ನೊಂದು ಟಾಕಿ ಕಟ್ಟಸ್ತೀನಿ."

ಶೈಲಶ್ರೀ ಅತ್ತೆಯ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ದಣಿವಿತ್ತು.

"ಇವಕ್ಕ ಸಾಕಾಗ್ತದ್ರಿ ಅತ್ತಿ. ಕಪ್ಪಿಗೆ ಎಷ್ಟು ಜಾಗ ಬೇಕಂತ ಕೇಳಾಕತ್ತೀರಿ. ವರ್ಷ ಆತು ನಾ ಈ ಮನಿಗೆ ಬಂದು. ಮಂದಿ ಉಂಡು ಹೋದ ನೆಲ ಒರಸಿ ಅಲ್ಲೇ ಮಲಗ್ತೀನಿ. ಸೀರಿ ಬದಲಸಾಕ ಬಚ್ಚಲಕ್ಕ ಹೋಗ್ತೀನಿ. ನನಗೆಷ್ಟು ಬೇಕಂತ ಒಮ್ಮೆರ ಕೇಳೀರೇನು?"

ಕರೆಮ್ಮನಿಗೆ ಬಕೀಟು ನೆನಪಾಯಿತು. ಬಕೀಟಿನೊಳಗೆ ಇಣುಕಿ ರಾಕ್ಷಸ ಸಂತಾನವೆಂದು ಉಗಿದವಳು ತಾನು. ಅವುಗಳನ್ನು ಅಲ್ಲಿ ತುರುಕಿದ ಕೈ ಯಾರದು? ಕಪ್ಪೆಯ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ಅವಳ ಮೈಮೇಲೇ ಬಂದು ಕೂತಿತು. ಸೀಗೆಪುಡಿ ಹಚ್ಚಿ ತಿಕ್ಕಿದರೆ ಹೋಗುವಂಥದ್ದಲ್ಲ ಅದು.

ಅವಳು ಒಳಕೋಣೆಗೆ ಹೋದಳು. ಮಂಚದ ಅಡಿಯಿಂದ ತನ್ನ ಕಬ್ಬಿಣದ ಟ್ರಂಕನ್ನು ಎಳೆದಳು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ಇಬ್ಬರು ಗಿರಾಕಿಗಳು ಕರಕರ ಸದ್ದಿಗೆ ತಿರುಗಿ ನೋಡಿದರು. ನೋವಿನ ಮುಂಗೈಗೆ ಟ್ರಂಕು ಹೊಸ್ತಿಲು ದಾಟಲಿಲ್ಲ, ಅಲ್ಲೇ ಸಿಕ್ಕಿಕೊಂಡಿತು.

"ಚೀಲ ಒಳಗಿಡು," ಎಂದಳು ಕರೆಮ್ಮ, ತಲೆಯೆತ್ತದೆ. "ಈ ಖೋಲಿ ನಿಮ್ದು. ಪಡಸಾಲ್ಯಾಗ ನಾ ಮಲಗ್ತೀನಿ."

ಶೈಲಶ್ರೀ ಚೀಲವನ್ನು ಗೋಡೆಗೆ ಆನಿಸಿಟ್ಟು ಬಂದು ಟ್ರಂಕಿನ ಇನ್ನೊಂದು ತುದಿಗೆ ಕೈ ಹಾಕಿದಳು. "ಎತ್ರಿ," ಎಂದಳು.